ತುಂಗಭದ್ರಾತೀರದ ದೃಶ್ಯಚಿತ್ರಗಳೂ ನಾಡಿನ ಸ್ವತ್ವವೂ

ಭಾರತೀಯರ ಚಿತ್ರಕಲೆಯಲ್ಲಿ ದೇವತೆಗಳುಂಟು, ಅರಸರುಂಟು, ನಾಯಿಕಾನಾಯಕರುಂಟು. ನೆಲದ ಚಿತ್ರ ಮಾತ್ರ ಇಲ್ಲ. ಬೆಟ್ಟ, ಹೊಳೆ, ಹೊಲ, ಮುಗಿಲುಗಳನ್ನು ಅವುಗಳಿಗಾಗಿಯೇ ನೋಡಿ ಬರೆಯುವ ವಿದ್ಯೆಯನ್ನು ಈ ದೇಶದವರು ಇಂಗ್ಲಿಷರಿಂದ ಕಲಿತರು ಎಂಬ ಮಾತು ಕಲಾಚರಿತ್ರೆಯನ್ನು ಓದಿದವರಿಗೆ ಹೊಸದಲ್ಲ. ಇದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ. ತನ್ನ ನೆಲವನ್ನು ಚಿತ್ರಿಸದ ಜನಕ್ಕೆ ಇದು ತನ್ನ ನಾಡೆಂಬ ಅಭಿಮಾನವೂ ಇರಲಿಲ್ಲವಂತೆ. ಪರಕೀಯ ಸಾಮ್ರಾಜ್ಯವು ನಾಡನ್ನು ಅಳೆದು, ಬರೆದು, ಅಚ್ಚುಹಾಕಿ ಕೊಟ್ಟ ಮೇಲೆಯೇ ನಾಡಿನವರಿಗೆ ತಮ್ಮ ನಾಡು ಕಂಡಿತಂತೆ. ಮೊದಲನೆಯ ಮಾತು ಕಲೆಯ ವಿಷಯ, ಎರಡನೆಯದು ಸ್ವತ್ವದ ವಿಷಯ. ಮೊದಲನೆಯದನ್ನು ವಿಚಾರಿಸದೆ ಒಪ್ಪಿಕೊಂಡವರು ಎರಡನೆಯದನ್ನೂ ಅರಿಯದೆ ಒಪ್ಪಿಕೊಂಡಂತಾಗುವುದರಿಂದ ಈ ಪೂರ್ವಪಕ್ಷವನ್ನು ಪರೀಕ್ಷಿಸುವುದು ಅವಶ್ಯಕವಾಗಿದೆ.

ಪರೀಕ್ಷೆಗೆ ಹೂವಿನಹಡಗಲಿಯಿಂದ ಹಂಪೆಯವರೆಗಿನ ತುಂಗಭದ್ರೆಯ ಬಲದಂಡೆ ತಕ್ಕ ಸ್ಥಳ. ಈ ನೆಲವು ರಾಷ್ಟ್ರಕೂಟರ, ಕಲ್ಯಾಣದ ಚಾಲುಕ್ಯರ, ವಿಜಯನಗರದ ಅರಸರ ಆಳ್ವಿಕೆಗಳನ್ನು ಕಂಡು, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ೧೮೦೦ರಲ್ಲಿ, ನಿಜಾಮನಿಂದ ಕುಂಪಣಿ ಸರಕಾರಕ್ಕೆ ದತ್ತವಾಯಿತು. ಒಂದೇ ನೆಲವನ್ನು ಬೇರೆ ಬೇರೆ ಸಾಮ್ರಾಜ್ಯಗಳು ಹೇಗೆ ಕಂಡವು, ನೆಲದ ಜನ ಹೇಗೆ ಕಂಡರು ಎಂಬುದನ್ನು ಹೋಲಿಸಿ ನೋಡುವುದಕ್ಕೆ ಇಲ್ಲಿ ಬೇಕಾದಷ್ಟು ಸಾಮಗ್ರಿಯುಂಟು.

೧. ಶಾಸ್ತ್ರದ ನಿರ್ಣಯ

ಶಾಸ್ತ್ರಗ್ರಂಥಗಳಲ್ಲಿ ಪ್ರಕೃತಿಯ ಚಿತ್ರಣಕ್ಕೆ ಸ್ಥಾನವಿಲ್ಲವೆಂಬುದು ನಿಲ್ಲುವ ಮಾತಲ್ಲ. ವಿಷ್ಣುಧರ್ಮೋತ್ತರಪುರಾಣದ ಚಿತ್ರಸೂತ್ರವು ಆಕಾಶ, ಪರ್ವತ, ಅರಣ್ಯ, ನದಿ, ಮಾರ್ಗ, ನಗರ, ಹಗಲು, ಇರುಳು, ಋತುಗಳು ಇವುಗಳನ್ನು ಬರೆಯುವ ವಿಧಾನವನ್ನು ಒಂದೊಂದಾಗಿ ಹೇಳುತ್ತದೆ. ಆಕಾಶವನ್ನು ಬಣ್ಣವಿಲ್ಲದೆ, ಹಕ್ಕಿಗಳಿಂದ ಕೂಡಿದ್ದಾಗಿ ತೋರಿಸಬೇಕು. ಬೆಳುದಿಂಗಳನ್ನು ಅರಳಿದ ನೈದಿಲೆಯಿಂದ ಸೂಚಿಸಬೇಕು. ಬೇಸಗೆಯನ್ನು ಬಳಲಿದ ದಾರಿಗರಿಂದಲೂ ಕೆಸರಿನಲ್ಲಿ ಹೊರಳುವ ಎಮ್ಮೆಗಳಿಂದಲೂ ತಿಳಿಸಬೇಕು. ನದಿಯನ್ನಾದರೋ ವಾಹನವನ್ನೇರಿ ಪೂರ್ಣಕುಂಭವನ್ನು ಹಿಡಿದ ಸ್ತ್ರೀರೂಪದಲ್ಲಿ ನಿಲ್ಲಿಸಬೇಕು ಎಂಬುದು ಅದರ ತಾತ್ಪರ್ಯ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯಲ್ಲಿ ಕಂಡ ಬಿಂಬದಂತೆ ಇದ್ದುದನ್ನು ಇದ್ದಂತೆ ತೋರುವ ಚಿತ್ರಕ್ಕೆ ವಿದ್ಧವೆಂದು ಬೇರೊಂದು ಹೆಸರನ್ನೇ ಕೊಟ್ಟಿದ್ದಾನೆ. ಹಡಗಲಿಯ ಸೀಮೆಯನ್ನಾಳಿದ ವಂಶದ ಅರಸನೇ ಹೀಗೆ ಬರೆದಿರುವಾಗ, ಕಂಡದ್ದನ್ನು ಕಂಡಂತೆ ಬರೆಯುವ ಕಲ್ಪನೆ ಹಡಗಿನಲ್ಲಿ ಬಂತೆಂದು ಹೇಳುವುದು ಸಾಹಸವಾಗುತ್ತದೆ.

ಆದರೂ ಪೂರ್ವಪಕ್ಷದಲ್ಲಿ ಒಂದು ಅಂಶ ಸತ್ಯ. ಜನರಿಲ್ಲದ, ಕಥೆಯಿಲ್ಲದ, ಬರಿಯ ನೆಲದ ಚಿತ್ರ ಈ ಪರಂಪರೆಯಲ್ಲಿ ಸ್ವತಂತ್ರ ಪ್ರಕಾರವಾಗಿ ಬೆಳೆಯಲಿಲ್ಲ. ಅದರ ಕಾರಣವನ್ನು ಅಸಾಮರ್ಥ್ಯದಲ್ಲಿ ಹುಡುಕದೆ ರಸಶಾಸ್ತ್ರದಲ್ಲಿ ಹುಡುಕುವುದು ಯುಕ್ತ. ಆಲಂಕಾರಿಕರ ಮತದಲ್ಲಿ ವಿಭಾವವು ಆಲಂಬನವೆಂದೂ ಉದ್ದೀಪನವೆಂದೂ ಎರಡು ಬಗೆ. ಭಾವವು ಯಾರನ್ನು ಆಶ್ರಯಿಸಿ ಹುಟ್ಟುವುದೋ ಆ ವ್ಯಕ್ತಿ ಆಲಂಬನ. ಅದನ್ನು ಬೆಳಗಿಸುವ ಚಂದ್ರೋದಯ, ಮಲಯಾನಿಲ, ಉದ್ಯಾನ ಮೊದಲಾದುವು ಉದ್ದೀಪನ. ಪ್ರಕೃತಿಗೆ ಉದ್ದೀಪನದ ಸ್ಥಾನ ಸಂದಿತು. ಮನುಷ್ಯಸಂಬಂಧವನ್ನು ಕಳೆದುಕೊಂಡ ಪ್ರಕೃತಿಗೆ ಸ್ಥಾನ ಸಲ್ಲಲಿಲ್ಲ. ಎಮ್ಮೆ ಹೊರಳದ ಬೇಸಗೆಯೂ ದಾರಿಗನಿಲ್ಲದ ಮಾರ್ಗವೂ ಚಿತ್ರಸೂತ್ರಕಾರನಿಗೆ ಅಪೂರ್ಣವಾಗಿ ತೋರುತ್ತಿದ್ದುವು. ಇದನ್ನು ನ್ಯೂನತೆಯೆಂದು ಕರೆಯುವ ಮೊದಲು, ಇದರ ವಿಪರ್ಯಾಸವಾದರೆ ಏನಾಗುತ್ತದೆಂಬುದನ್ನು ನೋಡಬೇಕು.

೨. ಕಾವ್ಯದಲ್ಲಿ ಮೂಡಿದ ನೆಲ

ಕನ್ನಡದಲ್ಲಿ ನೆಲದ ಚಿತ್ರವನ್ನು ಬರೆದವನು ಕುಂಚ ಹಿಡಿದವನಲ್ಲ, ಕಂಠ ಹಿಡಿದವನು. ದಂಡಿಯ ಲಕ್ಷಣದಿಂದ ಬೆಳೆದ ಅಷ್ಟಾದಶ ವರ್ಣನೆಗಳು ಪದ್ಧತಿಯಾಗಿ ಜಡ್ಡುಗಟ್ಟಿದುವೆಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಎಷ್ಟೋ ಚಂಪೂಗ್ರಂಥಗಳಲ್ಲಿ ಒಂದು ಪರ್ವತದ ವರ್ಣನೆಯನ್ನು ಕಿತ್ತು ಇನ್ನೊಂದರಲ್ಲಿ ಇಟ್ಟರೆ ಬೆಟ್ಟಕ್ಕೂ ತಿಳಿಯದು, ಓದುಗನಿಗೂ ತಿಳಿಯದು. ಆದರೆ ಉತ್ತಮಕವಿಗಳಲ್ಲಿ ವರ್ಣನೆಯು ನಿರ್ದಿಷ್ಟವಾದ ನಾಡಿಗೆ ತಗುಲಿಕೊಂಡಿದೆ.

ಕ್ರಿ.ಶ. ೮೫೦ರ ಸುಮಾರಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡನ್ನು ಗೆರೆಯೆಳೆದು ತೋರಿ, ಅದರೊಳಗೆ ತಿರುಳುಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಗುರುತಿಸುತ್ತದೆ. ಕೊಪಣವೂ ಪುಲಿಗೆರೆಯೂ ಹಡಗಲಿಗೆ ಹೊಳೆಯಾಚೆಯ ನೆರೆ. ರಾಷ್ಟ್ರಕೂಟ ಸಾಮ್ರಾಜ್ಯದ ಮೇರೆಯಾದರೋ ಈ ಗೆರೆಗಳಿಗಿಂತ ಬಹಳ ವಿಶಾಲವಾಗಿತ್ತು. ಸಾಮ್ರಾಜ್ಯದ ಎಲ್ಲೆ ಒಂದು, ನಾಡಿನ ಎಲ್ಲೆ ಬೇರೊಂದು ಎಂಬ ವಿವೇಕ ಚಕ್ರವರ್ತಿಯ ಹೆಸರನ್ನು ಹೊತ್ತ ಗ್ರಂಥದಲ್ಲಿಯೇ ಇದೆ. ಆ ಎಲ್ಲೆಯನ್ನು ನಿರ್ಣಯಿಸಿದ್ದು ದಂಡಲ್ಲ, ನುಡಿ. ಸ್ವತ್ವದ ಅರಿವಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಕನ್ನಡದಲ್ಲಿ ಬೇರೆ ಇಲ್ಲ.

ಪಂಪನ ನಿದರ್ಶನ ಇನ್ನೂ ಮಾರ್ಮಿಕವಾದುದು. ೯೪೧ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದಾಗ ಅವನ ಆಶ್ರಯದಾತ ಅರಿಕೇಸರಿಯು ತೆಲುಗುನಾಡಿನ ವೇಮುಲವಾಡದಲ್ಲಿ ರಾಷ್ಟ್ರಕೂಟರ ಸಾಮಂತನಾಗಿ ಆಳುತ್ತಿದ್ದನು. ಕವಿಯ ನೆನಪು ಓಡುವುದು ಬನವಾಸಿಗೆ. ಭಾರತದ ಕಥೆಯ ನಡುವೆ, ಅರ್ಜುನನ ಯಾತ್ರೆಯ ನೆವದಿಂದ, ಆ ನಾಡಿನ ಮರ, ಹೂ, ಕೋಗಿಲೆ, ತಂಗಾಳಿಗಳು ಬರುತ್ತವೆ. ಇಲ್ಲಿ ಉದ್ದೀಪನವು ಆಲಂಬನವಾಗುವ ಅಂಚಿಗೆ ಬಂದಿದೆ; ನಾಡೇ ಪ್ರೀತಿಪಾತ್ರವಾಗಿದೆ. ಹಾಗಿದ್ದರೂ ಮನುಷ್ಯನು ಹೊರಗಾಗಲಿಲ್ಲ. ಆ ನಾಡನ್ನು ನೆನೆಯುವ ಮನಸ್ಸೊಂದು, ಅದರಲ್ಲಿ ಬಾಳುವ ಸುಖವೊಂದು, ಚಿತ್ರದ ನಡುವೆಯೇ ನಿಂತಿವೆ. ಹಂಪೆಯ ಹರಿಹರನಲ್ಲಿ ಇದೇ ಮನೋಧರ್ಮ ಭಕ್ತಿಯ ರೂಪವನ್ನು ತಾಳುತ್ತದೆ. ವಿರೂಪಾಕ್ಷನ ಪೂಜೆಗೆ ಹೂವೆತ್ತುವುದನ್ನೇ ವಸ್ತುವಾಗಿ ಮಾಡಿಕೊಂಡ ಪುಷ್ಪರಗಳೆಯಲ್ಲಿ ತೋಟವು ನೋಟಕ್ಕಲ್ಲ, ಕೈಗೆ ಒದಗುತ್ತದೆ. ಹೂವೊಂದೊಂದೂ ಬೇಡಿ ಪಡೆದ ವಸ್ತು.

೩. ಕುಂಪಣಿಯ ದಂಡಿನ ಹಿಂದೆ ಬಂದ ಚಿತ್ರಕಾರರು

ಇದಕ್ಕೆ ಎದುರಾಗಿ ಹದಿನೆಂಟನೆಯ ಶತಮಾನದ ಕೊನೆಯ ಇಂಗ್ಲಿಷ್ ಚಿತ್ರಗಳನ್ನು ಇಟ್ಟು ನೋಡಬೇಕು. ಟೀಪೂಸುಲ್ತಾನನೊಡನೆ ನಡೆದ ಮೂರನೆಯ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ರಾಬರ್ಟ್ ಹೋಮ್ ಎಂಬ ಚಿತ್ರಕಾರನು ಮೈಸೂರು ಸೀಮೆಯ ಆಯ್ದ ದೃಶ್ಯಗಳನ್ನು ೧೭೯೪ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಅದೇ ವರ್ಷ ಅಲೆಕ್ಸಾಂಡರ್ ಆಲನ್ ಎಂಬ ಸೈನಿಕನ ಸಂಪುಟವೂ, ಅದೇ ಕಾಲದಲ್ಲಿ ಮೋಜಣಿದಾರನಾದ ಕೋಲ್‌ಬ್ರೂಕನ ಹನ್ನೆರಡು ದೃಶ್ಯಗಳೂ ಹೊರಬಂದುವು. ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಇವರಿಬ್ಬರೂ ಭಾರತವನ್ನು ಸುತ್ತಿ ೧೭೯೫ರಿಂದ ೧೮೦೮ರವರೆಗೆ ಹೊರಡಿಸಿದ ೧೪೪ ಚಿತ್ರಗಳು ಈ ಪರಂಪರೆಯ ಶಿಖರವೆನ್ನಬಹುದು.

ಈ ಚಿತ್ರಗಳ ಕೌಶಲವನ್ನು ಅಲ್ಲಗಳೆಯುವುದು ವಿಮರ್ಶೆಯಲ್ಲ. ಹತ್ತಿರದ್ದು ಹಿರಿದಾಗಿ, ದೂರದ್ದು ಕಿರಿದಾಗಿ, ಇನ್ನೂ ದೂರದ್ದು ನೀಲಿಯಾಗಿ ಕರಗುವ ಕ್ರಮವನ್ನು ಇವರು ಬಲ್ಲವರು. ಸಾವನದುರ್ಗದ ಒಂಟಿಬಂಡೆಯ ಭಾರವನ್ನು ಕಾಗದದ ಮೇಲೆ ಕೂರಿಸುವುದು ಸುಲಭದ ಕೆಲಸವಲ್ಲ. ಆದರೆ ಯಾವುದನ್ನು ಚಿತ್ರಿಸಬೇಕೆಂದು ಆರಿಸಿಕೊಂಡರು ಎಂಬುದರಲ್ಲಿಯೇ ದೃಷ್ಟಿ ಪ್ರಕಟವಾಗುತ್ತದೆ. ಬೆಂಗಳೂರು, ಸಾವನದುರ್ಗ, ಹುತ್ರಿದುರ್ಗ, ಶಿವಗಂಗೆ, ಶ್ರೀರಂಗಪಟ್ಟಣ: ಇವುಗಳಲ್ಲಿ ಹೆಚ್ಚಿನವು ಮುತ್ತಿಗೆಯ ನಕ್ಷೆಯಲ್ಲಿ ಬರುವ ಹೆಸರುಗಳು. ಫಿರಂಗಿಯನ್ನು ಎಲ್ಲಿ ಹೂಡಬೇಕೆಂದು ನೋಡಿದ ಕಣ್ಣೇ, ಕೋಟೆ ಬಿದ್ದ ಮೇಲೆ, ಬೆಟ್ಟದ ಚೆಲುವನ್ನು ನೋಡಿತು.

ಆ ಚೆಲುವಿಗೆ ಇಂಗ್ಲೆಂಡಿನಲ್ಲಿ ಒಂದು ಶಾಸ್ತ್ರವೂ ಸಿದ್ಧವಾಗಿತ್ತು. ಪಿಕ್ಚರೆಸ್ಕ್ ಎಂದು ಅವರು ಕರೆದ ಈ ಸೌಂದರ್ಯಲಕ್ಷಣವನ್ನು ವಿಲಿಯಂ ಗಿಲ್ಪಿನ್ ಎಂಬ ಪಾದ್ರಿಯು ೧೭೯೨ರ ತನ್ನ ಪ್ರಬಂಧಗಳಲ್ಲಿ ನಿರೂಪಿಸಿದನು. ಶ್ರೀರಂಗಪಟ್ಟಣದ ಒಪ್ಪಂದದಿಂದ ಟೀಪುವಿನ ಅರ್ಧರಾಜ್ಯ ಹೋದದ್ದೂ ಅದೇ ವರ್ಷ. ಅವನ ಮತದಲ್ಲಿ ನುಣುಪಾದುದು, ಪೂರ್ಣವಾದುದು ಚಿತ್ರಯೋಗ್ಯವಲ್ಲ. ಒರಟಾದುದು, ಒಡೆದುದು ಚಿತ್ರಯೋಗ್ಯ. ಸುಂದರವಾದ ಕಟ್ಟಡವನ್ನು ಚಿತ್ರಕ್ಕೆ ಒಗ್ಗಿಸಬೇಕಾದರೆ ಸುತ್ತಿಗೆಯಿಂದ ಅದರ ಅರ್ಧವನ್ನು ಕೆಡವಬೇಕಾದೀತೆಂಬ ಅಭಿಪ್ರಾಯವನ್ನು ಅವನು ಸಂಕೋಚವಿಲ್ಲದೆ ಹೇಳಿದ್ದಾನೆ. ಇಂಗ್ಲೆಂಡಿನ ಪಾಳುಮಠಗಳನ್ನು ಕುರಿತು ಹುಟ್ಟಿದ ಈ ಮಾತು ಅಲ್ಲಿ ರುಚಿಭೇದವಷ್ಟೇ ಆಗಿದ್ದಿರಬಹುದು. ಗೆದ್ದ ನಾಡಿನಲ್ಲಿ ಅದೇ ರುಚಿಗೆ ಬೇರೊಂದು ಅರ್ಥ ಬರುತ್ತದೆ. ಇಲ್ಲಿ ಪಾಳುಬಿದ್ದುದೇ ಸುಂದರವಾದರೆ, ನೆಟ್ಟಗಿರುವುದನ್ನು ನೋಡುವ ಕಣ್ಣು ಉಳಿಯುವುದಿಲ್ಲ.

ಇಂಥ ಚಿತ್ರಗಳಲ್ಲಿ ಮನುಷ್ಯರು ಇಲ್ಲವೆಂದಲ್ಲ. ಕೊಳದ ಬಳಿ ಇಬ್ಬರು, ಮರದಡಿಯಲ್ಲಿ ಒಬ್ಬರು, ಬೆಟ್ಟ ಎಷ್ಟು ಎತ್ತರವೆಂಬುದನ್ನು ತೋರುವ ಅಳತೆಗೋಲಿನಂತೆ ನಿಂತಿದ್ದಾರೆ. ರಸಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ನೆಲವು ಆಲಂಬನವಾಗಿ, ಜನರು ಉದ್ದೀಪನವಾಗಿದ್ದಾರೆ. ಈ ವಿಪರ್ಯಾಸವು ಕಲೆಯ ದೃಷ್ಟಿಯಿಂದ ಒಂದು ಹೊಸ ಪ್ರಕಾರಕ್ಕೆ ದಾರಿ ಮಾಡಿತು. ಆಳುವವನ ದೃಷ್ಟಿಯಿಂದ ಜನರನ್ನು ಬಿಟ್ಟು ನೆಲವನ್ನು ನೋಡುವ ಅಭ್ಯಾಸಕ್ಕೂ ದಾರಿ ಮಾಡಿತು.

೪. ಹಂಪೆ: ಮರೆತವರು ಯಾರು?

ಕಾಲಿನ್ ಮೆಕೆಂಜಿಯು ಹಂಪೆಯ ಅವಶೇಷಗಳನ್ನು ಅಳೆದು ನಕ್ಷೆ ಮಾಡಿಸಿದ್ದು ೧೭೯೯ರಲ್ಲಿ. ಸೀಮೆ ಕುಂಪಣಿಗೆ ಬಂದದ್ದು ೧೮೦೦ರಲ್ಲಿ. ಕಾಗದದ ಮೇಲಿನ ಸ್ವಾಧೀನವು ನೆಲದ ಮೇಲಿನ ಸ್ವಾಧೀನಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಹಾಗೆಂದು ಮೆಕೆಂಜಿಯನ್ನು ಇತರರೊಡನೆ ಸೇರಿಸಿ ದೂರುವುದು ಅನ್ಯಾಯವಾದೀತು. ಕಾವಲಿ ವೆಂಕಟ ಬೊರಯ್ಯನಂಥ ವಿದ್ವಾಂಸರ ನೆರವಿನಿಂದ ಅವನು ಶಾಸನ, ಕೈಫಿಯತ್ತು, ಹಸ್ತಪ್ರತಿಗಳನ್ನು ಕೂಡಿಹಾಕಿಸಿದನು. ಊರಿನ ಕಲ್ಲನ್ನು ನೋಡಿದಂತೆ ಊರಿನವರ ಮಾತನ್ನೂ ಕೇಳಿದನು. ಅವನ ಸಂಗ್ರಹವಿಲ್ಲದಿದ್ದರೆ ಕನ್ನಡನಾಡಿನ ಇತಿಹಾಸದ ಎಷ್ಟೋ ಪುಟಗಳು ಬರಿದಾಗುತ್ತಿದ್ದುವು.

೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಹಂಪೆಯಲ್ಲಿ ಅರುವತ್ತಕ್ಕಿಂತ ಹೆಚ್ಚು ಛಾಯಾಚಿತ್ರಗಳನ್ನು ಕಾಗದದ ನೆಗೆಟಿವುಗಳಲ್ಲಿ ತೆಗೆದನು. ಬೆಳಕಿಗೆ ಬಹಳ ಹೊತ್ತು ಒಡ್ಡಬೇಕಾಗಿದ್ದ ಆ ಕಾಲದ ಯಂತ್ರಕ್ಕೆ ನಡೆದಾಡುವವರು ಸಿಕ್ಕುವಂತಿರಲಿಲ್ಲ. ಕಲ್ಲು ಮಾತ್ರ ಕದಲದೆ ನಿಂತು ಸಿಕ್ಕಿತು. ಯಂತ್ರದ ಈ ಮಿತಿಯೂ ಪಾಳಿನ ರುಚಿಯೂ ಒಂದಕ್ಕೊಂದು ಒದಗಿ ಬಂದುವು. ಕೊನೆಗೆ ೧೯೦೦ರಲ್ಲಿ ರಾಬರ್ಟ್ ಸೂವೆಲ್ಲನು ತನ್ನ ಪ್ರಸಿದ್ಧ ಗ್ರಂಥಕ್ಕೆ 'ಮರೆತುಹೋದ ಸಾಮ್ರಾಜ್ಯ' ಎಂಬ ಅರ್ಥದ ಹೆಸರನ್ನಿಟ್ಟಾಗ ಶತಮಾನವೊಂದರ ಚಿತ್ರಗಳು ಒಂದು ಮಾತಿನಲ್ಲಿ ಕೂಡಿಕೊಂಡಂತಾಯಿತು.

ಮರೆತವರು ಯಾರೆಂಬ ಪ್ರಶ್ನೆಯನ್ನು ಆ ಹೆಸರು ಕೇಳಗೊಡುವುದಿಲ್ಲ. ೧೫೬೫ರ ಬಳಿಕವೂ ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಉಳಿದು ಬಂತು. ಚೈತ್ರದ ತೇರಿಗೆ ಜನ ಬಂದರು. ಸುತ್ತಣ ಹಳ್ಳಿಗಳ ಮಾತಿನಲ್ಲಿ, ಕಥೆಯಲ್ಲಿ, ಊರ ಹೆಸರುಗಳಲ್ಲಿ ಆ ಪಟ್ಟಣ ಬದುಕಿಯೇ ಇತ್ತು. ಯುರೋಪಿನ ಗ್ರಂಥಲೋಕ ಅರಿಯದಿದ್ದುದನ್ನು ಲೋಕವೇ ಮರೆಯಿತೆಂದು ಹೇಳುವುದು ಅತಿವ್ಯಾಪ್ತಿದೋಷ. ಸೂವೆಲ್ಲನ ಗ್ರಂಥದ ಉಪಕಾರ ದೊಡ್ಡದು. ಪೋರ್ಚುಗೀಜ ಪ್ರವಾಸಿಗಳಾದ ಪಾಯಸ್ ಮತ್ತು ನೂನಿಜರ ಬರಹಗಳು ಅದರಿಂದಲೇ ಇಂಗ್ಲಿಷ್ ಓದುಗರಿಗೆ ದೊರೆತುವು. ಆದರೆ ಉಪಕಾರವು ಹೆಸರಿನ ದೋಷವನ್ನು ಮುಚ್ಚುವುದಿಲ್ಲ.

ಇದೇ ಹಂಪೆಯ ದರ್ಶನವು ಆಲೂರ ವೆಂಕಟರಾಯರಲ್ಲಿ ನಾಡಿನ ಅಭಿಮಾನವನ್ನು ಕೆರಳಿಸಿತೆಂಬುದು ಸುಪ್ರಸಿದ್ಧ. ೧೯೧೭ರ ಕರ್ನಾಟಕ ಗತವೈಭವವು ಆ ಪಾಳಿಗೆ ಬೇರೆ ಅರ್ಥವನ್ನು ಕೊಟ್ಟಿತು. ಪರಕೀಯನು ಕಂಡದ್ದು ಬಿದ್ದುದನ್ನು. ವೆಂಕಟರಾಯರು ಕಂಡದ್ದು ಒಮ್ಮೆ ಎದ್ದು ನಿಂತಿದ್ದುದನ್ನು. ೧೯೩೬ರಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದುದೂ, ೧೯೫೩ರಲ್ಲಿ ಹಡಗಲಿ ಮೊದಲಾದ ತಾಲ್ಲೂಕುಗಳು ಮದರಾಸಿನಿಂದ ಮೈಸೂರಿಗೆ ಸೇರಿದುದೂ, ೧೯೫೬ರಲ್ಲಿ ನಾಡು ಒಂದಾದುದೂ ಈ ಹೊಸ ದೃಷ್ಟಿಯ ಮುಂದುವರಿಕೆಯೇ. ಆದರೂ ವಿಮರ್ಶಕನು ಒಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಪಾಳನ್ನು ಕಂಡು ಮರುಗುವ ಕಣ್ಣೂ ಪಾಳನ್ನು ಕಂಡು ಮೆಚ್ಚುವ ಕಣ್ಣೂ ನೋಡಿದ್ದು ಪಾಳನ್ನೇ. ಅರ್ಥ ಮಗುಚಿತು, ಚೌಕಟ್ಟು ಪೂರ್ತಿಯಾಗಿ ಮಗುಚಲಿಲ್ಲ.

೫. ಹಡಗಲಿಯ ಹೂವು

ಚೌಕಟ್ಟಿನ ಹೊರಗೆ ಏನಿತ್ತೆಂಬುದಕ್ಕೆ ಹೂವಿನಹಡಗಲಿಯೇ ಉತ್ತರ. ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ವಿಜಯನಗರಕ್ಕೆ ಹೋಗುತ್ತಿದ್ದುದರಿಂದ ಊರಿಗೆ ಈ ಹೆಸರಾಯಿತೆಂದು ಜನ ಹೇಳುತ್ತಾರೆ. ಹೊಳೆ ಹರಿಯುವುದು ಹಂಪೆಯ ಕಡೆಗೇ ಆದುದರಿಂದ ಕಥೆ ಅಸಂಭವವೆನಿಸುವುದಿಲ್ಲ. ಆದರೆ ವಿಜಯನಗರ ಹುಟ್ಟುವುದಕ್ಕೆ ಮೊದಲೇ, ಚಾಲುಕ್ಯರ ಕಾಲದ ಶಾಸನಗಳಲ್ಲಿ, ಊರ ಹೆಸರು ಪೂವಿನ ಪೊಸವಡಂಗಿಲೆ ಎಂದು ಬಂದಿದೆ. ವಡಂಗಿಲೆಯು ಹಡಗಲಿಯಾದ ಮೇಲೆ ಜನ ಅದರಲ್ಲಿ ಹಡಗನ್ನು ಕಂಡರು. ಹೂವಾದರೋ ಮೊದಲಿನಿಂದ ಇದ್ದದ್ದೇ.

ಶಬ್ದಶಾಸ್ತ್ರದ ಮುಂದೆ ಹಡಗಿನ ಕಥೆ ನಿಲ್ಲದು. ಆದರೂ ಅದನ್ನು ಸುಳ್ಳೆಂದು ಎಸೆಯುವುದು ಅವಸರದ ಕೆಲಸ. ಅದು ಊರಿನವರು ಬರೆದುಕೊಂಡ ದೃಶ್ಯಚಿತ್ರ. ಹೊಳೆ, ಹೊಳೆಯ ಮೇಲೆ ಹಡಗು, ಹಡಗಿನ ತುಂಬ ಹೂವು, ಹೊಳೆಯ ಕೆಳಗೆ ರಾಜಧಾನಿ: ಇದರಲ್ಲಿ ಸಾಮ್ರಾಜ್ಯವೂ ಇದೆ, ಊರೂ ಇದೆ, ಊರಿಲ್ಲದೆ ಸಾಮ್ರಾಜ್ಯದ ದೇವರಿಗೆ ಪೂಜೆಯಿಲ್ಲವೆಂಬ ಹೆಮ್ಮೆಯೂ ಇದೆ. ಸಾಮ್ರಾಜ್ಯದೊಳಗಿದ್ದುಕೊಂಡು ತನ್ನ ಸ್ಥಾನವನ್ನು ಹೇಳಿಕೊಳ್ಳುವ ಬಗೆ ಇದು. ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿದ ಗೊರವಯ್ಯನು ನುಡಿಯುವ ಕಾರಣಿಕದಲ್ಲಿಯೂ ಮಳೆ, ಬೆಳೆ, ಆಕಾಶಗಳು ಜನರ ಮುಂದಣ ವರ್ಷಕ್ಕೆ ಸಂಬಂಧಿಸಿದ ಮಾತಾಗಿಯೇ ಬರುತ್ತವೆ. ಬರಿಯ ನೋಟವಾಗಿ ಬರುವುದಿಲ್ಲ.

೧೮೯೬ರಲ್ಲಿ ಅಲೆಕ್ಸಾಂಡರ್ ರೀ ಪ್ರಕಟಿಸಿದ ಚಾಲುಕ್ಯಶಿಲ್ಪದ ಸಂಪುಟವು ಬಳ್ಳಾರಿ ಜಿಲ್ಲೆಯ ಗುಡಿಗಳನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿತು. ಹಡಗಲಿ, ಹಿರೇಹಡಗಲಿ, ಮಾಗಳ, ಕುರುವತ್ತಿ, ಬಾಗಳಿ ಮೊದಲಾದ ಊರುಗಳ ಬಾಗಿಲವಾಡ, ಕಂಬ, ಭುವನೇಶ್ವರಿಗಳು ಅಲ್ಲಿ ಅಳತೆಗೆ ತಕ್ಕ ರೇಖೆಯಲ್ಲಿ ಮೂಡಿವೆ. ಯಶೋಧರನು ಹೇಳಿದ ಚಿತ್ರದ ಷಡಂಗಗಳಲ್ಲಿ ಪ್ರಮಾಣಕ್ಕೆ ಇಷ್ಟು ನಿಷ್ಠವಾದ ಕೆಲಸ ವಿರಳ. ಪಾಳಿನ ಮೋಹವೂ ಅದರಲ್ಲಿಲ್ಲ. ಆದರೆ ಬಾಗಿಲವಾಡವು ಕಾಗದದಲ್ಲಿ ಒಂಟಿಯಾಗಿ ನಿಂತಿದೆ. ಅದರ ಮುಂದಣ ಬೀದಿಯಿಲ್ಲ, ಕೆರೆಯಿಲ್ಲ, ಸುತ್ತಣ ಎರೆಯ ಹೊಲವಿಲ್ಲ. ದಂಡನಾಯಕ ರವಿದೇವನ ಹೆಂಡತಿ ರೆಬ್ಬಲದೇವಿ ಕಟ್ಟಿಸಿದ ಕೇಶವನ ಗುಡಿಯು ಊರಿನ ಬಾಳಿಗಾಗಿ ಕಟ್ಟಿದ್ದೆಂಬುದನ್ನು ತಿಳಿಯುವುದಕ್ಕೆ ಚಿತ್ರಪಟವನ್ನು ಬಿಟ್ಟು ಶಾಸನವನ್ನು ಓದಬೇಕು. ಪ್ರಮಾಣವಿದ್ದು ಭಾವಯೋಜನೆ ಇಲ್ಲದ ಚಿತ್ರಕ್ಕೆ ಇದು ನಿದರ್ಶನ.

೬. ವೆಂಕಟಪ್ಪನವರ ಉದಕಮಂಡಲ

ಕಲಿತ ವಿದ್ಯೆಯನ್ನು ಕಲಿಸಿದವನ ಕಣ್ಣಿಲ್ಲದೆ ಬಳಸಬಹುದೇ ಎಂಬುದು ಉಳಿದ ಪ್ರಶ್ನೆ. ಇದಕ್ಕೆ ಮೈಸೂರಿನ ಕೆ. ವೆಂಕಟಪ್ಪನವರ (೧೮೮೬–೧೯೬೫) ಚಿತ್ರಗಳನ್ನು ನೋಡಬೇಕು. ಅರಮನೆಯ ಆಶ್ರಯದ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲಕತ್ತೆಗೆ ಹೋಗಿ, ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿ ಬಂದ ಇವರು ಪುರಾಣಚಿತ್ರಗಳಿಂದ ಹೆಸರಾದರೂ, ಉದಕಮಂಡಲ ಮತ್ತು ಕೊಡೈಕಾನಲಿನ ಜಲವರ್ಣಗಳಲ್ಲಿ ಅವರ ಪ್ರತಿಭೆ ಪೂರ್ಣವಾಗಿ ಪ್ರಕಟವಾಗಿದೆ.

ಸ್ಥಳದ ಆಯ್ಕೆ ವಿಚಾರಯೋಗ್ಯ. ನೀಲಗಿರಿಯು ೧೭೯೯ರಲ್ಲಿ ಕುಂಪಣಿಗೆ ಸೇರಿ, ಜಾನ್ ಸಲ್ಲಿವನ್ನನ ಕಾಲದಿಂದ ಇಂಗ್ಲಿಷರ ಬೇಸಗೆಯ ಬೀಡಾಗಿ, ಮದರಾಸು ಸರಕಾರದ ಬೇಸಗೆಯ ರಾಜಧಾನಿಯಾಯಿತು. ಸರೋವರ, ತೋಟ, ಬಂಗಲೆಗಳಿಂದ ಅಲ್ಲಿ ಎರಡನೆಯ ಇಂಗ್ಲೆಂಡನ್ನೇ ಮಾಡಿಕೊಂಡರು. ಅದನ್ನೇ ಜಲವರ್ಣದಲ್ಲಿ, ಅವರದೇ ಮಾಧ್ಯಮದಲ್ಲಿ ಬರೆದ ಮೈಸೂರಿನ ಚಿತ್ರಗಾರನು ಅನುಕಾರಿಯಾಗಿ ಉಳಿಯುವುದು ಸಹಜವಾಗಿತ್ತು. ಹಾಗಾಗಲಿಲ್ಲ. ವೆಂಕಟಪ್ಪನವರು ಆರಿಸಿಕೊಂಡದ್ದು ಬಂಗಲೆಯನ್ನಲ್ಲ, ಪಾಳನ್ನಲ್ಲ. ಬೆಳುದಿಂಗಳನ್ನು, ಮಂಜನ್ನು, ಒಡೆದು ಚದರುವ ಮುಂಗಾರಿನ ಮೋಡವನ್ನು. ಯಾರೂ ಸ್ವಾಧೀನಪಡಿಸಿಕೊಳ್ಳಲಾಗದ ವಸ್ತುಗಳಿವು. ಪದರಪದರವಾಗಿ ಬಣ್ಣವನ್ನು ತೆಳುವಾಗಿ ಕಟ್ಟುವ ಅವರ ತಾಳ್ಮೆಯಲ್ಲಿ ಮನೆತನದ ಸೂಕ್ಷ್ಮಚಿತ್ರದ ಕೈ ಕಾಣುತ್ತದೆ. ಹೊತ್ತನ್ನೂ ಋತುವನ್ನೂ ಹಿಡಿಯುವ ಹಂಬಲದಲ್ಲಿ ಚಿತ್ರಸೂತ್ರದ ನೆನಪು ಬರುತ್ತದೆ. ಶಾಸ್ತ್ರಕಾರನು ನೈದಿಲೆಯಿಂದ ಸೂಚಿಸಿದ ಬೆಳುದಿಂಗಳನ್ನು ಇವರು ಬೆಳುದಿಂಗಳಿಂದಲೇ ಸೂಚಿಸಿದರು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಈ ಚಿತ್ರಗಳ ಮುಂದೆ ನಿಂತವರಿಗೆ ಉದ್ದೀಪನವೇ ರಸವಾಗುವ ಬಗೆ ಅನುಭವಕ್ಕೆ ಬರುತ್ತದೆ.

ಒಂದು ಕೊರತೆಯನ್ನೂ ಹೇಳಬೇಕು. ಆ ಬೆಟ್ಟಗಳ ತೊದವರಾಗಲಿ, ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರಾಗಲಿ ಈ ಚಿತ್ರಗಳ ಕೇಂದ್ರಕ್ಕೆ ಬರಲಿಲ್ಲ. ಪಾಳಿನ ಮೋಹವನ್ನು ಗೆದ್ದ ಕಲಾವಿದನೂ ಜನರಿಲ್ಲದ ನೋಟದ ಮೋಹವನ್ನು ಪೂರ್ತಿಯಾಗಿ ಗೆಲ್ಲಲಿಲ್ಲ.

೭. ಸಿದ್ಧಾಂತ

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ, ದೃಶ್ಯಚಿತ್ರವೆಂಬ ಪ್ರಕಾರವನ್ನು ಕನ್ನಡನಾಡು ಹೊರಗಿನಿಂದ ಪಡೆದದ್ದು ನಿಜ. ನಾಡಿನ ಅರಿವನ್ನು ಹೊರಗಿನಿಂದ ಪಡೆದದ್ದು ನಿಜವಲ್ಲ. ಆ ಅರಿವು ಕವಿರಾಜಮಾರ್ಗದಲ್ಲಿ ಎಲ್ಲೆಯಾಗಿ, ಪಂಪನಲ್ಲಿ ನೆನಪಾಗಿ, ಹರಿಹರನಲ್ಲಿ ಪೂಜೆಯಾಗಿ, ಹಡಗಲಿಯ ಜನರಲ್ಲಿ ಕಥೆಯಾಗಿ ಇದ್ದೇ ಇತ್ತು. ಸಾಮ್ರಾಜ್ಯದ ಚಿತ್ರವು ನೆಲವನ್ನು ದೂರದಿಂದ ತೋರಿತು. ಈ ಪರಂಪರೆ ಅದನ್ನು ಬಾಳಿನೊಳಗಿನಿಂದ ಹೇಳಿತು. ಒಂದರ ಕಣ್ಣನ್ನೂ ಇನ್ನೊಂದರ ಸಂಬಂಧವನ್ನೂ ಕೂಡಿಸಿದ ಚಿತ್ರವೇ ಸಂಪೂರ್ಣ.

ಈ ವಿಚಾರ ಬರಿಯ ಶಾಸ್ತ್ರಚರ್ಚೆಯಲ್ಲ. ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ನೀರು ನಿಂತ ತುಂಗಭದ್ರೆಯ ಅಣೆಕಟ್ಟಿನಲ್ಲಿ ನಾರಾಯಣದೇವರಕೆರೆ ಮೊದಲಾದ ಹಲವು ಊರುಗಳು ಮುಳುಗಿದುವು. ಹಗರಿಬೊಮ್ಮನಹಳ್ಳಿಯ ಕಡೆಯ ದಂಡೆ ಹಿನ್ನೀರಾಯಿತು. ಆ ನೀರು ಸೀಮೆಗೆ ಅನ್ನವಾಯಿತೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆ ಊರುಗಳಲ್ಲಿ ಪಾಳಿರಲಿಲ್ಲ, ದುರ್ಗವಿರಲಿಲ್ಲ. ಆದುದರಿಂದ ಹಂಪೆಗೆ ದೊರೆತಂಥ ಸಂಪುಟಗಳು ಅವುಗಳಿಗೆ ದೊರೆಯಲಿಲ್ಲ. ಅವುಗಳ ಬೀದಿ, ಕಟ್ಟೆ, ತೋಪುಗಳ ರೂಪವು ಬಿಟ್ಟುಬಂದವರ ಮಾತಿನಲ್ಲಿ ಉಳಿಯಿತು. ತಲೆಮಾರು ಕಳೆದಂತೆ ಆ ಮಾತೂ ಸವೆಯುತ್ತಿದೆ. ಕಾವ್ಯದ ವರ್ಣನಾಭಾಗಗಳನ್ನು ಪರೀಕ್ಷೆಗೆ ಬಾರದವೆಂದು ದಾಟಿಸುವ ಅಧ್ಯಾಪಕರೂ, ಹಂಪೆಯ ಕಲ್ಲನ್ನಷ್ಟೇ ನಾಡಿನ ಗುರುತೆಂದು ತೋರಿಸುವ ವಿದ್ವಾಂಸರೂ ಈ ಸವೆತವನ್ನು ಗಮನಿಸಬೇಕು. ಪಾಳಿನ ಬೆಲೆಯನ್ನು ಪರಕೀಯರು ಕಲಿಸಿದರು. ನೆಟ್ಟಗಿರುವ ಊರಿನ ಬೆಲೆಯನ್ನು ಪಂಪ ಹರಿಹರರಿಂದ ಕಲಿಯುವುದಕ್ಕೆ ಇನ್ನೂ ಅವಕಾಶವಿದೆ.